ಸತ್ಯಾಂಶ: ನಿಂಬೆ ಹಿಂಡಿದರೆ ಪಪ್ಪಾಯಿ ವಿಷವಾಗುವುದಿಲ್ಲ

"ಪಪ್ಪಾಯಿಗೆ ನಿಂಬೆರಸ ಬೆರೆತರೆ ವಿಷ, ಎಲ್ಲರಿಗೂ ಕಳಿಸಿ" ಎಂಬ ವಾಟ್ಸಾಪ್ ಸಂದೇಶ ಸುಳ್ಳು. ಮೆಕ್ಸಿಕೊದಲ್ಲಿ ಪಪ್ಪಾಯಿ ಹೋಳಿಗೆ ನಿಂಬೆ ಹಿಂಡಿಕೊಂಡು ತಿನ್ನುವುದೇ ವಾಡಿಕೆ. ನಿಂಬೆಯ ಹುಳಿಗಿಂತ ನಮ್ಮ ಜಠರದ ಆಮ್ಲ ಪ್ರಬಲ.

ಹಣ್ಣಿನ ಸಲಾಡಿಗೆ ನಿಂಬೆ ಬೇಕೇ ಬೇಕು. ನಾಲ್ಕು ಜನರಿಗೆ ಮಾಗಿದ ಪಪ್ಪಾಯಿ 2 ಕಪ್, ಅನಾನಸ್ ಮತ್ತು ಮಾವು ಒಂದೊಂದು ಕಪ್, ಏಲಕ್ಕಿ ಬಾಳೆಹಣ್ಣು 3 ಸಾಕು. ಬಾಳೆಯನ್ನು ಕೊನೆಗೆ ಹೆಚ್ಚಿ, ಕೂಡಲೇ 1 ದೊಡ್ಡ ಚಮಚ ನಿಂಬೆರಸದಲ್ಲಿ ಹೊರಳಿಸಿ; ಹುಳಿ ತಗುಲಿದಾಗ ಹಣ್ಣು ಕಪ್ಪಾಗಿಸುವ ಕಿಣ್ವ ಮಂದವಾಗುತ್ತದೆ. ಉಪ್ಪು, ಸಕ್ಕರೆ ಬಡಿಸುವಾಗ ಮಾತ್ರ. ಮೊದಲೇ ಹಾಕಿದರೆ ಹೋಳುಗಳು ನೀರು ಬಿಟ್ಟು, ಬಟ್ಟಲ ತಳದಲ್ಲಿ ರಸ ನಿಂತು, ಮೇಲಿನವು ಸಪ್ಪೆಯಾಗುತ್ತವೆ.

ಹಾಲು ಅಥವಾ ಕಸ್ಟರ್ಡ್ ಸೇರಿಸುವುದಾದರೆ ಎಚ್ಚರ ಬೇಕು. ಹಸಿ ಅನಾನಸ್‌ನ ಬ್ರೊಮೆಲೈನ್, ಪಪ್ಪಾಯಿಯ ಪಪೈನ್ ಎಂಬ ಕಿಣ್ವಗಳು ಹಾಲಿನ ಪ್ರೋಟೀನನ್ನು ತುಂಡರಿಸುವುದರಿಂದ ಸ್ವಲ್ಪ ಹೊತ್ತಿಗೇ ಕಹಿ ಬರುತ್ತದೆ. ಈ ಕಹಿಯೂ ವಿಷವಲ್ಲ, ಆದರೆ ಮಾಡಿದ್ದೆಲ್ಲ ಹಾಳು. ಅನಾನಸ್ ಹೋಳನ್ನು ಸಕ್ಕರೆ ಪಾಕದಲ್ಲಿ 5 ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ ಬೆರೆಸಿ. ಪಪ್ಪಾಯಿಯನ್ನು ತಿನ್ನುವ ಹೊತ್ತಿಗೆ ಸೇರಿಸಿ.

ನಿಜವಾಗಿ ಹೊಟ್ಟೆ ಕೆಡಿಸುವುದು ಕೊಳಕು ಚಾಕು, ತೊಳೆಯದ ಸಿಪ್ಪೆ ಮತ್ತು ಸೆಖೆಯಲ್ಲಿ ತೆರೆದಿಟ್ಟ ಹೋಳು. ಹೆಚ್ಚುವ ಮೊದಲೇ ಹಣ್ಣು ತೊಳೆಯಿರಿ, ಮಾಂಸ ಹೆಚ್ಚಿದ ಮಣೆ ಬಳಸಬೇಡಿ. 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಗರ್ಭಿಣಿಯರು ದೂರವಿಡಬೇಕಾದ್ದು ಹಾಲಿನಂಥ ಸೊನೆ ಸುರಿಯುವ ಪಪ್ಪಾಯಿ ಕಾಯಿಯನ್ನು. ಅದಕ್ಕೂ ನಿಂಬೆಗೂ ಸಂಬಂಧವಿಲ್ಲ.