ಅಡ್ಡಹೆಸರು ಕೇಳೂತನಾ ಮಾತು ಚೊಲೋನ ಇರತೈತಿ

ಮುಂಬೈ ಮಂದಿ ಗುರುತಿಲ್ಲದವ್ರ ಜೋಡಿ ಮಾತಾಡಂಗಿಲ್ಲ ಅಂತ ಊರಾಗ ಭಾಳ ಮಂದಿ ತಿಳಕೊಂಡಾರ, ಅದು ಸುಳ್ಳು. ನಾನು ಡೊಂಬಿವಲಿಯಿಂದ ದಿನಾ ಲೋಕಲ್‌ನಾಗ ಹೋಗಿಬರಾಂವ, ಇಲ್ಲೂ ಮಾತಾಡತಾರ, ಆದ್ರ ಕೆಲಸ ಹಿಡ್ಕೊಂಡು ಚಾಲೂ ಮಾಡತಾರ. "ಕಹಾಂ ಉತರೋಗೆ?", ಎಲ್ಲಿ ಇಳೀತೀರಿ ಅಂತ ಕೇಳಿದ್ರ ನಿಮ್ಮ ಮ್ಯಾಲ ಪ್ರೀತಿ ಉಕ್ಕಿ ಅಲ್ರಿ, ನಿಮ್ಮ ಸೀಟು ಠಾಣೆದಾಗ ಖಾಲಿ ಆಗತೈತೋ ಘಾಟ್ಕೋಪರದಾಗೋ ಅಂತ ಲೆಕ್ಕ. ಆಮ್ಯಾಲ ಮೂರು ಮಂದಿ ಸೀಟಿನ ತುದಿಗೆ ನಾಕನೇದಾಂವಾಗಿ ಅರ್ಧಾ ಕೂತು ಮಾತು ಬೆಳೀತೈತಿ. ನಮ್ಮ ಡಬ್ಬಿಯಾಗಿನ ಒಬ್ಬರ ಮೊಣಕಾಲ ನೋವು, ಮಗಳ ಸಿಎ ಪರೀಕ್ಷೆ ಎಲ್ಲಾ ನನಗ ಗೊತ್ತೈತಿ, ಅವರ ಅಡ್ಡಹೆಸರು, ಅಂದ್ರ ಸರ್‌ನೇಮ್, ಮಾತ್ರ ಇವತ್ತಿಗೂ ಗೊತ್ತಿಲ್ಲ.

ನಮ್ಮ ಕಡೆ ಇದರ ಉಲ್ಟಾ. ವಿಜಯಪುರದಾಗ ಬಾಗಲಕೋಟಿ ಬಸ್ ಹತ್ತಿದ್ರ ಸಾಕು, ಕಂಡಕ್ಟರ್ ಟಿಕೆಟ್ ಹರಿಯೂದ್ರೊಳಗ ಬಾಜೂದವ್ರು ಯಾವೂರು, ಯಾರ ಮನಿ ಅಂತ ಶುರು. ಹೋದ ಸಲ ಹಿಂಗ ಒಬ್ಬ ಅಜ್ಜಾರು ಸಿಕ್ಕಿದ್ರು. ಕೊಲ್ಹಾರದ ಬ್ರಿಜ್ ಮ್ಯಾಲ ಬಸ್ ಬಂದಕೂಡ್ಲೇ ಕಿಟಕಿಯಿಂದ ಆಲಮಟ್ಟಿ ಡ್ಯಾಮಿನ ಕೃಷ್ಣಾ ಹಿನ್ನೀರಿಗೆ ಕೈ ಮಾಡಿ, "ತಮ್ಮಾ, ಆ ನೀರಾಗ ನಮ್ಮ ಹೊಲ ಐತಿ ನೋಡು" ಅಂದ್ರು. ಇತ್ತು ಅನ್ನಲಿಲ್ಲ. ಎಂಥಾ ಎರಿ ಭೂಮಿ, ಬಿಳಿಜ್ವಾಳ ಎಷ್ಟು ಬೆಳೀತಿತ್ತು, ಪರಿಹಾರದ ರೊಕ್ಕ ಹೆಂಗ ಬಂದು ಹೆಂಗ ಕರಗಿತು ಎಲ್ಲಾ ಹೇಳಿದ್ರು. ಆಲಮಟ್ಟಿ ಡ್ಯಾಮಿನಾಗ ಈಗ 519.60 ಮೀಟರ್‌ ತನಾ ನೀರು ನಿಲ್ಲಸ್ತಾರ, 524.256ಕ್ಕ ಏರಿಸಿದ್ರ ಇನ್ನೂ ಊರು ಹೋಗತಾವ ಅಂತ ಪಾಯಿಂಟ್ ಬಿಡದಂಗ ಹೇಳಿದ್ರು, ನಮ್ಮಂಥ ಓದಿದವ್ರಿಗೆ ಪೇಪರ್ ನೋಡೇ ಹೇಳಬೇಕಾಗತೈತಿ. ಅಳಿಯಾನ ಮನಿ ಹಳೇ ಬಾಗಲಕೋಟಿಯ ಮುಳುಗಿದ ಭಾಗದಿಂದ ಹೊಸದಾಗಿ ಕಟ್ಟಿದ ನವನಗರಕ್ಕ ಬಂದೈತಂತ. "ಮೊದಲ ಓಣಿ ಹೆಸರು ಹೇಳಿದ್ರ ಮನಿ ಸಿಗತಿತ್ತು, ಈಗ ಸೆಕ್ಟರ್ ನಂಬರ್ ಮರತ್ರ ದಿನಾ ಪೂರ್ತಿ ತಿರುಗೂದ" ಅಂತ ನಕ್ಕರು. ಇಂಥಾ ಮಾತು ಲೋಕಲ್‌ನಾಗ ನನಗಂತೂ ಸಿಕ್ಕಿಲ್ಲ.

ಆದ್ರ ಅದೇ ಅಜ್ಜಾರು, ಅಷ್ಟು ಮನಸು ಬಿಚ್ಚಿದವ್ರು, ಮುಂದಿನ ಸೀಟಿನ ಹುಡುಗಗ "ಅಡ್ಡಹೆಸರೇನು?" ಅಂದ್ರು. ಹುಡುಗ "ಪುಣೇದಾಗ ಕಂಪನಿಯಾಗ ಅದೇನ್ರಿ" ಅಂದ. ಮತ್ತ ಕೇಳಿದ್ರು. ಅಂವ ಇಯರ್‌ಫೋನ್ ಹಾಕ್ಕೊಂಡ. ಅಡ್ಡಹೆಸರು ಯಾಕ ಬೇಕು ಅನ್ನೂದು ಬಸ್ಸಿನಾಗ ಇದ್ದವ್ರಿಗೆಲ್ಲಾ ಗೊತ್ತು, ಜಾತಿ ತಿಳಕೊಳ್ಳಾಕ, ಮತ್ಯಾತಕ್ಕೂ ಅಲ್ಲ. ನನ್ನ ಅಡ್ಡಹೆಸರು ಕೇಳಿ "ಹಂಗಾದ್ರ ನಮ್ಮವ್ರ ಬಿಡು" ಅಂತ ಹೆಗಲ ಮ್ಯಾಲ ಕೈ ಹಾಕಿದ್ರು, ಅದಕ್ಕ ಹೊಲದ ಕತಿ ನನಗ ಸಿಕ್ಕಿತು. ಆ ಹುಡುಗಗ ಸಿಗತಿತ್ತೋ ಇಲ್ಲೋ, ನನಗ ಸಂಶಯ. ನಮ್ಮ ಮಂದಿ ಭಾಳ ಮನಸಿನವ್ರು, ಶಹರದವ್ರು ಮುಖಾ ತಿರುವವ್ರು ಅಂತ ಹಾಡಿ ಹೊಗಳೂ ನಮ್ಮ ಹೊರನಾಡಿನವ್ರು ಇದನ್ನ ಸ್ವಲ್ಪ ನೋಡಬೇಕು. ಮುಂಬೈದಾಗ ಮನಿ ಬಾಡಿಗಿ ಕೇಳಾಕ ಹೋದ್ರ ಇದೇ ಪ್ರಶ್ನೆ ಬರತೈತಿ, ಅದು ಬ್ಯಾರೆ ಕತಿ, ಆದ್ರ ಗಾಡಿಯಾಗ ಅದು ಬರಂಗಿಲ್ಲ.

ಹಂಗಂತ ಊರಿಗೆ ಹೋದಾಗ ಬಾಯಿ ಮುಚ್ಚಿ ಕೂಡಾಕ ನನಗಾಗಂಗಿಲ್ಲ. ಈಗ ನಾನ ಮೊದಲ ಕೇಳಿಬಿಡತೇನಿ, ಈ ಸಲ ಮಳಿ ಹೆಂಗ್ರಿ, ಲಿಂಬಿಕಾಯಿ ರೇಟು ಏನೈತ್ರಿ ಅಂತ. ಮಳಿ ವಿಷಯ ಹಿಡದ್ರ ಒಮ್ಮೊಮ್ಮೆ ಬಾಗಲಕೋಟಿ ತನಾ ಪಾರಾಗತೇನಿ, ಒಮ್ಮೊಮ್ಮೆ ಕೊಲ್ಹಾರ ಬರೂದ್ರೊಳಗ ಅಡ್ಡಹೆಸರಿಗೇ ಬಂದು ನಿಲ್ಲತಾರ.