ಟೀ ಕುಡಿದು ನಾನ್ಯಾಕೆ ವಾಪಸ್ ಬರಲಿ?

ಮೂರು ವರ್ಷದ ಹಿಂದೆ ನಾನೊಂದು ಸ್ಕ್ರಿಪ್ಟ್ ಬರೆದೆ. ಬರೆಯೋಕೆ ಕೂರುವ ಮೊದಲು ಗೋಡೆಗೆ ಹದಿನೈದು ಚೀಟಿ ಅಂಟಿಸಿದ್ದೆ. ಹಳದಿ ಬಣ್ಣದವು. ಒಂದೊಂದರ ಮೇಲೂ ಒಂದೊಂದು ಬೀಟ್ (ಕಥೆ ತಿರುಗುವ ಘಟ್ಟ), ಪಕ್ಕದಲ್ಲಿ ಪುಟದ ನಂಬರು. 12ನೇ ಪುಟಕ್ಕೆ ಮೊದಲ ಏಟು. 25ಕ್ಕೆ ಹಳೇ ಬದುಕು ಬಿಟ್ಟು ಹೊಸ ದಾರಿ. 55ಕ್ಕೆ ನಡುಘಟ್ಟ. 75ಕ್ಕೆ ಎಲ್ಲ ಕಳೆದುಕೊಳ್ಳುವ ಗಳಿಗೆ. ಬ್ಲೇಕ್ ಸ್ನೈಡರ್ ಎಂಬ ಹಾಲಿವುಡ್ ಬರಹಗಾರ 2005ರಲ್ಲಿ ತನ್ನ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಅದು. 110 ಪುಟದ ಸ್ಕ್ರಿಪ್ಟು, ಹದಿನೈದು ಬೀಟು. ಚಿತ್ರಕಥೆ ಕಲಿಯೋಕೆ ಹೊರಟ ಯಾರ ಕೈಗಾದರೂ ಇವತ್ತು ಮೊದಲು ಸಿಗುವುದು ಅದೇ.

ನಾನು ಅದನ್ನು ಅಕ್ಷರಶಃ ಪಾಲಿಸಿದೆ. 12 ಅಂದರೆ 12. 13ಕ್ಕೆ ಹೋದರೆ ಎರಡು ಸಾಲು ಕತ್ತರಿಸಿ ವಾಪಸ್ ತರುತ್ತಿದ್ದೆ.

ಕಥೆ ಇಷ್ಟು. ಒಂದು ಊರು, ಹೈವೇ ಪಕ್ಕ ಒಂದು ಹಿಟ್ಟಿನ ಗಿರಣಿ. ನಡೆಸುವವಳು ಶಾಂತಕ್ಕ, ಗಂಡ ತೀರಿಕೊಂಡಿದ್ದಾನೆ. ಮೈದುನನಿಗೆ ಆ ಜಾಗದ ಮೇಲೆ ಕಣ್ಣು. 12ನೇ ಪುಟಕ್ಕೆ ರಸ್ತೆ ಅಗಲ ಮಾಡುವ ನೋಟಿಸ್ ಬರುತ್ತೆ. 25ಕ್ಕೆ ಅವಳು ಆಫೀಸಿನಿಂದ ಆಫೀಸಿಗೆ ಅಲೆಯೋಕೆ ಶುರು ಮಾಡುತ್ತಾಳೆ. 55ಕ್ಕೆ ಗಿರಣಿಯ ಮೋಟಾರು ಸುಡುತ್ತೆ. 75ಕ್ಕೆ ಮಗನಿಗೆ ಜ್ವರ ಬಂದು ಆಸ್ಪತ್ರೆ. ಕೊನೆಗೆ ಊರಿನವರೆಲ್ಲ ಸೇರಿ ಗಿರಣಿ ಉಳಿಸುತ್ತಾರೆ. ಬರೆದು ಮುಗಿಸಿದ ದಿನ ನನಗೆ ನಾನೇ ಹೋಟೆಲಲ್ಲಿ ಬೆಣ್ಣೆ ಮಸಾಲೆ ಕೊಡಿಸಿಕೊಂಡಿದ್ದೆ. ಅಷ್ಟು ಖುಷಿ.

ಗಾಂಧಿನಗರದಲ್ಲಿ ಒಬ್ಬ ನಿರ್ಮಾಪಕರಿಗೆ ನರೇಷನ್ ಕೊಡುವ, ಅಂದರೆ ಎದುರು ಕೂತು ಕಥೆ ಹೇಳುವ ಅವಕಾಶ ಸಿಕ್ಕಿತು. ಹಿರಿಯರು, ಹೆಸರು ಬೇಡ. ನಲವತ್ತು ನಿಮಿಷ ಸುಮ್ನೆ ಕೇಳಿದರು. ಫೋನ್ ಕೂಡ ನೋಡಲಿಲ್ಲ. ನಾನು "ಇಲ್ಲಿಗೆ ಇಂಟರ್‌ವಲ್ ಸಾರ್, ಮೋಟಾರು ಸುಟ್ಟು ಹೊಗೆ ತುಂಬಿಕೊಳ್ಳುತ್ತೆ" ಅಂದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನೋಡಪ್ಪಾ, ನಾನು ಹೊರಗೆ ಹೋದೆ. ಟೀ ಕುಡಿದೆ. ಒಂದು ಪಪ್ಸ್ ತಿಂದೆ. ಈಗ ನಾನ್ಯಾಕೆ ವಾಪಸ್ ಬರಲಿ?"

"ಮೋಟಾರು ಸುಟ್ಟೋಗಿದೆಯಲ್ಲ ಸಾರ್..."

"ರಿಪೇರಿ ಮಾಡಿಸ್ತಾಳೆ ಬಿಡು."

ಅಷ್ಟೇ. ನರೇಷನ್ ಮುಗೀತು. ಸೆಕೆಂಡ್ ಹಾಫ್ ಹೇಳೋಕೆ ಬಿಡಲೇ ಇಲ್ಲ. ಬಸ್ಸಲ್ಲಿ ಬರುವಾಗ ಬೈದುಕೊಂಡೆ, ಇವರಿಗೆಲ್ಲ ಸ್ಟ್ರಕ್ಚರ್ ಅಂದರೆ ಏನು ಗೊತ್ತು ಅಂತ. ಅವರು ಕೇಳಿದ್ದೇ ಸ್ಟ್ರಕ್ಚರ್ ಬಗ್ಗೆ ಅಂತ ಅರ್ಥವಾಗೋಕೆ ಒಂದು ವರ್ಷ ಬೇಕಾಯಿತು.

ಈ ಅಂಕ, ಬೀಟ್ ಎಲ್ಲ ಎಲ್ಲಿಂದ ಬಂದವು ಅಂತ ಆಮೇಲೆ ಸ್ವಲ್ಪ ಓದಿಕೊಂಡೆ. ಒಂದು ವಿಷಯ ತಲೆಗೆ ಹೊಡೆಯಿತು. ಮೂರು ಅಂಕದ ಚಿತ್ರಕಥೆ ಅನ್ನುವುದನ್ನು ಮನೆಮಾತು ಮಾಡಿದ ಸಿಡ್ ಫೀಲ್ಡ್ 1979ರಲ್ಲಿ ತನ್ನ ಪುಸ್ತಕ ತರುವ ಮೊದಲು ಒಂದು ಕಂಪನಿಯಲ್ಲಿ ಸ್ಕ್ರಿಪ್ಟ್ ಓದುವ ಕೆಲಸ ಮಾಡುತ್ತಿದ್ದ. ಕಂತೆ ಕಂತೆ ಓದಿ, ಯಾವುದು ಆಗಬಹುದು, ಯಾವುದು ಆಗಲ್ಲ ಅಂತ ಹೇಳುವ ಕೆಲಸ. ನಾಯಕನ ಪಯಣದ ಹನ್ನೆರಡು ಹಂತ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ಸಿನಿಮಾಕ್ಕೆ ಒಗ್ಗಿಸಿದ ಕ್ರಿಸ್ಟೋಫರ್ ವೋಗ್ಲರ್ ಕೂಡ ಡಿಸ್ನಿಯಲ್ಲಿ ಮಾಡುತ್ತಿದ್ದದ್ದು ಅಂಥದೇ ಕೆಲಸ. ಜೋಸೆಫ್ ಕ್ಯಾಂಬೆಲ್ 1949ರಲ್ಲಿ ಪುರಾಣಗಳ ಬಗ್ಗೆ ಬರೆದ ದಪ್ಪ ಪುಸ್ತಕವನ್ನು ಈತ ಏಳು ಪುಟದ ಟಿಪ್ಪಣಿಗೆ ಇಳಿಸಿ ಆಫೀಸಲ್ಲಿ ಹಂಚಿದ್ದ.

ಅಂದರೆ ಇವೆರಡೂ ಹುಟ್ಟಿದ್ದು ಬರೆಯುವವರ ಮೇಜಿನ ಮೇಲಲ್ಲ, ಓದುವವರ ಮೇಜಿನ ಮೇಲೆ. ಬರೆದು ಮುಗಿದದ್ದನ್ನು ಎದುರಿಗಿಟ್ಟುಕೊಂಡು ಇದು ಎಲ್ಲಿ ಕುಂಟುತ್ತಿದೆ ಅಂತ ಹುಡುಕೋಕೆ ಮಾಡಿಕೊಂಡ ಸಲಕರಣೆ. (ಸ್ನೈಡರ್ ಮಾತ್ರ ಸ್ವತಃ ಸ್ಕ್ರಿಪ್ಟ್ ಬರೆದು ಮಾರಿದವನು. ಅದಕ್ಕೇ ಇರಬೇಕು ಅವನ ಲೆಕ್ಕ ಅಷ್ಟು ಕರಾರುವಾಕ್ಕು, ಅಂಗಡಿಯವನ ತಕ್ಕಡಿ ಥರ.) ನಾನು ಆ ಸಲಕರಣೆಯನ್ನು ಹೆರಿಗೆಗೆ ಮೊದಲೇ ಮಗುವಿನ ಮೇಲೆ ಪ್ರಯೋಗಿಸಿದ್ದೆ.

ಹಾಗಂತ ಬೀಟ್ ಬೇಡ, ಮನಸ್ಸಿಗೆ ಬಂದಂತೆ ಬರೀರಿ ಅಂತ ನಾನು ಹೇಳ್ತಿಲ್ಲ. ಆ ಮಾತು ಹೇಳುವವರ ಸ್ಕ್ರಿಪ್ಟ್ ನಾನು ಓದಿದ್ದೇನೆ. ಬೇಡ.

ನನ್ನ ತಪ್ಪು ಬೇರೆ ಕಡೆ ಇತ್ತು. ಬೀಟ್ ಅಂದರೆ ಘಟನೆ ಅಂದುಕೊಂಡಿದ್ದೆ. ನೋಟಿಸ್ ಬಂತು, ಮೋಟಾರು ಸುಟ್ಟಿತು, ಜ್ವರ ಬಂತು. ಇವು ಶಾಂತಕ್ಕನಿಗೆ ಆದವು, ಅವಳು ಮಾಡಿದವಲ್ಲ. 110 ಪುಟದಲ್ಲಿ ಆ ಹೆಂಗಸು ಒಂದೇ ಒಂದು ತೀರ್ಮಾನ ತಗೊಂಡಿರಲಿಲ್ಲ. ಪಾಪ, ಅಳುತ್ತಿದ್ದಳು, ಅಲೆಯುತ್ತಿದ್ದಳು, ಜನ ಬಂದು ಉಳಿಸುತ್ತಿದ್ದರು. ಅಂಥವಳಿಗಾಗಿ ಯಾರು ಪಪ್ಸ್ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಾರೆ?

ಇಲ್ಲಿ ನಮಗೆಲ್ಲ ಗೊತ್ತಿರುವ ಒಂದು ಕಥೆ ತಗೊಳ್ಳಿ. ಪುಣ್ಯಕೋಟಿ. ಶಾಲೆಯಲ್ಲಿ ಅದನ್ನು ಹಾಡಿ ಅಳದವರು ಯಾರು? ಬೀಟ್ ಲೆಕ್ಕದಲ್ಲಿ ನೋಡಿದರೆ ಹುಲಿ ಅಡ್ಡ ನಿಲ್ಲುವುದು 12ನೇ ಪುಟದ ಏಟು. ಸರಿ. ಆದರೆ ಕಥೆ ಹಿಡಿಯುವುದು ಅಲ್ಲಿಂದಲ್ಲ. ಹಸು ಹುಲಿಯ ಹತ್ತಿರ ಮಾತಾಡುತ್ತಲ್ಲ, ಕರುವಿಗೆ ಹಾಲು ಕೊಟ್ಟು ಬರ್ತೀನಿ ಬಿಡು ಅಂತ, ಅಲ್ಲಿಂದ. ಅದು ಮೊದಲ ತೀರ್ಮಾನ. ದೊಡ್ಡಿಗೆ ಬಂದ ಮೇಲೆ ವಾಪಸ್ ಹೋಗದಿದ್ದರೆ ಕೇಳುವವರು ಯಾರೂ ಇಲ್ಲ. ಹುಲಿ ದೊಡ್ಡಿಗೆ ಬರಲ್ಲ. ಕರು ಅಳುತ್ತೆ, ನಾನು ಯಾರ ಹಾಲು ಕುಡಿಯಲಿ, ಯಾರ ಹತ್ತಿರ ಮಲಗಲಿ ಅನ್ನುತ್ತೆ. ಆದರೂ ಹೋಗುತ್ತಾಳೆ. ಅದು ಎರಡನೇ ತೀರ್ಮಾನ. ಮಗನನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೋಗುವ ಆ ಭಾಗ ಇದೆಯಲ್ಲ, ಅಲ್ಲಿ ಘಟನೆ ಅಂತ ಏನೂ ಇಲ್ಲ. ಬರೀ ಬೀಳ್ಕೊಡುಗೆ. ಯಾವುದಾದರೂ ಡಿಸ್ಕಷನ್ನಲ್ಲಿ ಇಟ್ಟರೆ "ಇಲ್ಲಿ ಲ್ಯಾಗ್ ಆಗುತ್ತೆ ಗುರು" ಅನ್ನುತ್ತಾರೆ. ಆದರೆ ನಾವು ಅತ್ತಿದ್ದು ಅಲ್ಲೇ.

ಇನ್ನೊಂದು ಮಜಾ ಇದೆ. ಪಾಶ್ಚಾತ್ಯ ಪುಸ್ತಕಗಳು ನಾಯಕ ಬದಲಾಗಲೇಬೇಕು ಅಂತ ಹಟ ಹಿಡಿಯುತ್ತವೆ. ಪುಣ್ಯಕೋಟಿ ಬದಲಾಗುವುದಿಲ್ಲ. ಮೊದಲ ಸಾಲಲ್ಲಿ ಎಂಥವಳೋ ಕೊನೆಯಲ್ಲೂ ಅಂಥವಳೇ. ಬದಲಾಗುವುದು ಹುಲಿ. ಆಸೆ ಬಿಟ್ಟು, ನಾಚಿ, ಪ್ರಾಣವನ್ನೇ ಬಿಡುತ್ತೆ.

'ಕಸ್ತೂರಿ ನಿವಾಸ'ದಲ್ಲೂ ಇದೇ. 1971ರ ಸಿನಿಮಾ, ರಾಜ್‌ಕುಮಾರ್ ಮಾಡಿದ ರವಿವರ್ಮನ ಪಾತ್ರ. ಕೊಡುವುದು ಅವನ ಸ್ವಭಾವ. ಶ್ರೀಮಂತನಿದ್ದಾಗಲೂ ಕೊಡುತ್ತಾನೆ, ಏನೂ ಇಲ್ಲದಾಗಲೂ ಕೊಡುತ್ತಾನೆ. ಎರಡೂವರೆ ಗಂಟೆ ಅವನು ಒಂದಿಂಚೂ ಬದಲಾಗಲ್ಲ. ಕೊನೆಗೆ ಅವನ ಪರಿಚಯದ ನೀಲಾ ಮನೆಗೆ ಬರುತ್ತಾಳೆ. ಅವಳಿಗೆ ಊಟ ಹಾಕಬೇಕು, ಮನೆಯಲ್ಲಿ ಏನೂ ಇಲ್ಲ. ಅದಕ್ಕಾಗಿ ಅವನ ಹತ್ತಿರವಿದ್ದ ಪಾರಿವಾಳ ಮಾರಾಟವಾಗುತ್ತೆ. ಊಟ ಆದ ಮೇಲೆ ಅವಳು ಕೇಳುವುದು ಅದೇ ಪಾರಿವಾಳವನ್ನು, ಕಾಯಿಲೆ ಬಿದ್ದ ಮಗುವಿಗಾಗಿ. ಕೇಳಿದ್ದನ್ನು ಇಲ್ಲ ಅಂದು ಗೊತ್ತೇ ಇಲ್ಲದ ಮನುಷ್ಯ ಮೊದಲ ಸಲ ಇಲ್ಲ ಅನ್ನಬೇಕಾಗುತ್ತೆ. ಅವನ ಜೀವ ಹೋಗುತ್ತೆ.

ಲೆಕ್ಕಕ್ಕೆ ನೋಡಿದರೆ ಅದು ಕಾಕತಾಳೀಯ. ಅವತ್ತೇ ಮಾರಬೇಕು, ಅವತ್ತೇ ಅವಳು ಕೇಳಬೇಕು. ಬೇರೆ ಸಿನಿಮಾದಲ್ಲಿ ಹೀಗಾದರೆ ಥಿಯೇಟರಲ್ಲಿ ನಗುತ್ತಾರೆ. ಇಲ್ಲಿ ಯಾಕೆ ನಗಲ್ಲ? ಪಾರಿವಾಳ ಕಳೆದದ್ದು ವಿಧಿಯಿಂದಲ್ಲ, ಅವನು ಊಟ ಹಾಕಲೇಬೇಕು ಅಂದುಕೊಂಡದ್ದರಿಂದ. ಕೊಡುವ ಗುಣವೇ ಕೊನೆಗೆ ಕೊಡೋಕಾಗದಂತೆ ಮಾಡಿತು.

ಇದೇ ತಿರುವು 14ನೇ ಶತಮಾನದ ಇಟಲಿಯ ಬೊಕಾಚಿಯೋ ಬರೆದ ಒಂದು ಕಥೆಯಲ್ಲೂ ಇದೆ. ಬಡವನಾದ ಪ್ರೇಮಿ, ಅವನ ಹತ್ತಿರ ಉಳಿದಿರುವುದು ಒಂದು ಬೇಟೆ ಗಿಡುಗ. ಅವಳು ಬಂದಾಗ ಅಡುಗೆಗೆ ಏನೂ ಇಲ್ಲದೆ ಆ ಗಿಡುಗವನ್ನೇ ಬೇಯಿಸಿ ಬಡಿಸುತ್ತಾನೆ. ಅವಳು ಬಂದದ್ದು ಕಾಯಿಲೆಯ ಮಗನಿಗಾಗಿ ಆ ಗಿಡುಗ ಕೇಳೋಕೆ. ಆದರೆ ಅಲ್ಲಿ ಕೊನೆಗೆ ಅವಳು ಅವನನ್ನೇ ಮದುವೆಯಾಗುತ್ತಾಳೆ. ಬೀಟ್ ಒಂದೇ. ಒಂದು ಕಡೆ ಮದುವೆ, ಇನ್ನೊಂದು ಕಡೆ ಸಾವು. ಬೀಟನ್ನು ಚೀಟಿಯ ಮೇಲೆ ಬರೆದು ಅಂಟಿಸಿದರೆ ಇವೆರಡರ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ.

ನಮ್ಮ ಹಳಬರು ಇದನ್ನು ಚೆನ್ನಾಗಿ ಕಂಡಿದ್ದರು ಅನಿಸುತ್ತೆ. ಭರತಮುನಿಯ ನಾಟ್ಯಶಾಸ್ತ್ರದಿಂದ ಬೆಳೆದ ಪರಂಪರೆ ನಾಟಕದ ಕೆಲಸಕ್ಕೆ ಐದು ಅವಸ್ಥೆ ಹೇಳುತ್ತೆ: ಆರಂಭ, ಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮ. ಹೆಸರು ಭಾರ, ಅರ್ಥ ಸುಲಭ. ಏನೋ ಬೇಕು ಅಂತ ಹೊರಡುವುದು, ಅದಕ್ಕಾಗಿ ಪ್ರಯತ್ನ, ಸಿಗಬಹುದು ಅನ್ನುವ ಆಸೆ, ಅಡ್ಡಿ ಸರಿದು ಸಿಕ್ಕೇ ಸಿಗುತ್ತೆ ಅನ್ನುವ ಹಂತ, ಸಿಗುವುದು. ಗಮನಿಸಿ, ಇದರಲ್ಲಿ ಒಂದೂ ಘಟನೆಯ ಹೆಸರಲ್ಲ. ಐದೂ ಬೇಕು ಅನ್ನುವವನ ಕಡೆಯಿಂದ ಇಟ್ಟ ಹೆಸರು. ನನ್ನ ಹಳದಿ ಚೀಟಿಗಳಲ್ಲಿ ಶಾಂತಕ್ಕನಿಗೆ ಏನು ಬೇಕು ಅನ್ನುವುದೇ ಇರಲಿಲ್ಲ. (ಸಂಸ್ಕೃತದಲ್ಲೇ ಎಲ್ಲ ಇದೆ ಅಂತ ಕಾಮೆಂಟ್ ಹಾಕೋಕೆ ಬರಬೇಡಿ ದಯವಿಟ್ಟು. ಇಂಟರ್‌ವಲ್ ಬಗ್ಗೆ ಭರತಮುನಿ ಏನೂ ಹೇಳಿಲ್ಲ.)

ಹೌದು, ಇಂಟರ್‌ವಲ್. ಹಾಲಿವುಡ್ ಪುಸ್ತಕ ಓದಿ ಕನ್ನಡ ಸಿನಿಮಾ ಬರೆಯುವವರು ಎಡವುವ ಜಾಗ ಇದು. ಅವರ ಸಿನಿಮಾಗೆ ಇಂಟರ್‌ವಲ್ ಇಲ್ಲ. ನಮ್ಮ ಮಲ್ಟಿಪ್ಲೆಕ್ಸಲ್ಲಿ ಇಂಗ್ಲಿಷ್ ಸಿನಿಮಾ ಓಡುವಾಗ ಪಾತ್ರ ಮಾತು ಮುಗಿಸುವ ಮೊದಲೇ ಕಚಕ್ ಅಂತ ನಿಲ್ಲಿಸಿ ಪಾಪ್‌ಕಾರ್ನ್ ಜಾಹೀರಾತು ಹಾಕುತ್ತಾರಲ್ಲ, ಅದಕ್ಕೇ. ಅವರ ನಡುಘಟ್ಟ ಕಥೆ ಒಂದು ಮಗ್ಗುಲು ಬದಲಿಸುವ ಜಾಗ ಅಷ್ಟೇ, ಪ್ರೇಕ್ಷಕ ಕುರ್ಚಿಯಲ್ಲೇ ಇರುತ್ತಾನೆ. ನಮ್ಮವನು ಎದ್ದು ಹೋಗುತ್ತಾನೆ. ಬೆಳಕು ಬರುತ್ತೆ, ಮಕ್ಕಳನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಬೇಕು, ಮನೆಯಿಂದ ಬಂದ ಮಿಸ್ಡ್ ಕಾಲ್ ನೋಡಬೇಕು. ಇಷ್ಟೆಲ್ಲದರ ನಡುವೆ ಅವನ ತಲೆಯಲ್ಲಿ ಒಂದು ಪ್ರಶ್ನೆ ಕುದಿಯುತ್ತಿರಬೇಕು. ಹೊಗೆ, ಬೆಂಕಿ, ಫೈಟು ಕುದಿಯಲ್ಲ. ಬಾಗಿಲು ದಾಟುವಷ್ಟರಲ್ಲಿ ಆರಿಹೋಗುತ್ತೆ. "ಇವಳು ಈಗ ಏನು ಮಾಡ್ತಾಳೆ?" ಅನ್ನುವುದು ಮಾತ್ರ ಹತ್ತು ನಿಮಿಷ ಕುದಿಯುತ್ತೆ.

ಓಟಿಟಿ ಬಂದ ಮೇಲೆ ಇಂಟರ್‌ವಲ್ ಕಥೆ ಮುಗೀತು ಅನ್ನುತ್ತಾರೆ. ನನಗೆ ಹಾಗನಿಸಲ್ಲ. ಮನೆಯಲ್ಲಿ ನೋಡುವವನಿಗೆ ಪ್ರತಿ ಹತ್ತು ನಿಮಿಷಕ್ಕೂ ಇಂಟರ್‌ವಲ್ಲೇ.

"ಸೆಕೆಂಡ್ ಹಾಫ್ ಲ್ಯಾಗ್" ಅಂತ ಎಲ್ಲರೂ ಬರೆಯುತ್ತಾರಲ್ಲ, ಅದರ ಬಗ್ಗೆಯೂ ಒಂದು ಮಾತು. ನಾನು ನೋಡಿದ ಮಟ್ಟಿಗೆ ಅದು ಬಹಳ ಸಲ ಫಸ್ಟ್ ಹಾಫಿನ ಕಾಯಿಲೆ. ಮೊದಲರ್ಧದಲ್ಲಿ ನಾಯಕ ಏನೂ ತೀರ್ಮಾನ ಮಾಡಿರಲ್ಲ. ಎಂಟ್ರಿ, ಹಾಡು, ಕಾಮಿಡಿ ಟ್ರ್ಯಾಕ್, ಹುಡುಗಿ, ವಿಲನ್ ಬಿಲ್ಡಪ್. ಎರಡನೇ ಅರ್ಧಕ್ಕೆ ತೀರಿಸೋಕೆ ಬಾಕಿಯೇ ಇಲ್ಲ. ಸಾಲ ಮಾಡದವನು ತೀರಿಸೋದೇನನ್ನು?

ಮತ್ತೆ ಗಿರಣಿಗೆ ಬರುತ್ತೇನೆ. ವರ್ಷ ಕಳೆದ ಮೇಲೆ ಆ ಸ್ಕ್ರಿಪ್ಟನ್ನು ಅಮ್ಮನಿಗೆ ಹೇಳಿದೆ. ಅಮ್ಮ ಬೀನ್ಸ್ ಸೋಸುತ್ತಾ ಕೇಳುತ್ತಿದ್ದರು. ನೋಟಿಸ್ ಬಂತು, ಶಾಂತಕ್ಕ ಅತ್ತಳು ಅಂದೆ. "ಯಾಕೋ ಅಳ್ತಾಳೆ? ಮೈದುನನಿಗೆ ಗೊತ್ತಾದ್ರೆ ಪರಿಹಾರದ ದುಡ್ಡಿಗೆ ಬಂದು ಕೂರ್ತಾನೆ. ನಾನಾಗಿದ್ರೆ ಮೊದಲು ಅದನ್ನ ಬಚ್ಚಿಡ್ತಿದ್ದೆ" ಅಂದರು.

ಅವತ್ತು ರಾತ್ರಿ ಚೀಟಿಗಳನ್ನೆಲ್ಲ ಕಿತ್ತೆ.

ಈಗಿನ ಡ್ರಾಫ್ಟಲ್ಲಿ ನೋಟಿಸ್ ಬರುವುದು ಅದೇ 12ರ ಆಸುಪಾಸು. ಆದರೆ ಶಾಂತಕ್ಕ ಅಳಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಗಂಡನ ಫೋಟೋ ಹಿಂದೆ ಸಿಕ್ಕಿಸುತ್ತಾಳೆ. ಗಿರಾಕಿಗೆ ರಾಗಿ ಬೀಸಿ ಕೊಡುತ್ತಾಳೆ, ನಗುತ್ತಲೇ. ಅಳತೆಯವರು ಬಂದು ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿ ಹೋಗುತ್ತಾರೆ. ಯಾರೂ ನೋಡುವ ಮೊದಲು, ರಾತ್ರೋರಾತ್ರಿ, ಅದರ ಮೇಲೆ ಸುಣ್ಣ ಬಳಿಯುತ್ತಾಳೆ. ಒಂದು ಸುಳ್ಳು ಮುಚ್ಚೋಕೆ ಇನ್ನೊಂದು. ಮೈದುನ ಸುಣ್ಣದ ವಾಸನೆ ಹಿಡಿದು "ಏನತ್ತಿಗೆ, ಹಬ್ಬ ಮುಗಿದ ಮೇಲೆ ಸುಣ್ಣ?" ಅನ್ನುತ್ತಾನೆ. ಇಂಟರ್‌ವಲ್ಲಿಗೆ ಮಳೆ. ಗಿರಣಿ ಮುಂದೆ ಊರೆಲ್ಲ ಮಳೆಗೆ ನಿಂತಿದೆ, ಮೈದುನನೂ ಇದ್ದಾನೆ. ಸುಣ್ಣ ಕರಗಿ ಇಳಿಯುತ್ತೆ. ಕೆಂಪು ಗುರುತು ಮೆಲ್ಲಗೆ ಮೇಲೆ ಬರುತ್ತೆ. ಮಾತಿಲ್ಲ, ಮ್ಯೂಸಿಕ್ಕೂ ಬೇಡ ಅಂತ ಬರೆದಿದ್ದೇನೆ (ಡೈರೆಕ್ಟರ್ ಯಾರೇ ಬಂದರೂ ಹಾಕೇ ಹಾಕುತ್ತಾರೆ, ಗೊತ್ತು).

ಬರೆದಾದ ಮೇಲೆ ಸ್ನೈಡರ್ ಪಟ್ಟಿ ತೆಗೆದು ಪಕ್ಕದಲ್ಲಿಟ್ಟೆ. ಮಳೆ ಬಿದ್ದದ್ದು 61ನೇ ಪುಟಕ್ಕೆ. ಆರು ಪುಟ ತಡ. ಯಾಕೆ ತಡ ಅಂತ ಹಿಂದೆ ಹುಡುಕಿದರೆ ಮೈದುನನ ಮದುವೆ ಮಾತುಕತೆಯ ಎರಡು ಸೀನ್ ಸಿಕ್ಕವು. ಏನೂ ಕೆಲಸ ಮಾಡುತ್ತಿರಲಿಲ್ಲ, ಸುಮ್ನೆ ಕೂತಿದ್ದವು. ತೆಗೆದೆ. ಪಟ್ಟಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅವತ್ತು ಮೊದಲ ಸಲ.

75ನೇ ಪುಟದ ಜಾಗ ಮಾತ್ರ ಇನ್ನೂ ಖಾಲಿ ಇದೆ. ಎಲ್ಲ ಕಳೆದುಕೊಳ್ಳುವ ಗಳಿಗೆ. ಮೂರು ಥರ ಬರೆದೆ, ಮೂರರಲ್ಲೂ ಯಾರೋ ಅವಳಿಂದ ಏನೋ ಕಿತ್ತುಕೊಳ್ಳುತ್ತಾರೆ. ಅವಳೇ ಏನನ್ನೋ ಕೈಬಿಡಬೇಕು. ಏನನ್ನು ಅಂತ ಗೊತ್ತಾಗುತ್ತಿಲ್ಲ. ಅಮ್ಮನನ್ನು ಕೇಳಿದೆ. "ಮೊದಲು ಅವಳ ಮಗ ಏನಂತಾನೆ ಹೇಳು" ಅಂದರು. ಮಗನಿಗೆ ನಾನಿನ್ನೂ ಒಂದು ಡೈಲಾಗೂ ಬರೆದಿಲ್ಲ.