ನಮ್ಮೂರಲ್ಲೂ ಇತ್ತು ಇದು

ನಮ್ಮ ಕಾರಿನಿಂದ ಕುದುರೆ ಲದ್ದಿಯ ವಾಸನೆ ಇನ್ನೂ ಹೋಗಿಲ್ಲ. ಕಿಟಕಿ ತೆರೆದಿಟ್ಟೆ, ಬೇಕಿಂಗ್ ಸೋಡಾ ಉದುರಿಸಿದೆ, ಕೊನೆಗೆ ಊದುಬತ್ತಿಯನ್ನೂ ಹಚ್ಚಿದೆ. ಈಗ ದೇವರಮನೆಗೆ ಕುದುರೆ ನುಗ್ಗಿದ ಹಾಗಿದೆ. ಲದ್ದಿ ಮೆಟ್ಟಿಕೊಂಡು ಬಂದ ಯಜಮಾನರು ಮಾತ್ರ ಸೋಫಾದ ಮೇಲೆ ಕೂತು ಸ್ಟೇಟಸ್ ಹಾಕುತ್ತಿದ್ದಾರೆ: ‘ಬೇಸಾಯ ರಕ್ತದಲ್ಲೇ ಇದೆ.’ ರಕ್ತದಲ್ಲಿದೆಯೋ ಇಲ್ಲವೋ, ಫ್ಲೋರ್ ಮ್ಯಾಟಿನಲ್ಲಂತೂ ಇದೆ.

ಊರಿಂದ ಹಿರಿಯರು ಬಂದರೆ ನ್ಯೂಜೆರ್ಸಿಯವರ ವಾರಾಂತ್ಯ ಹೇಗಿರುತ್ತೆ ಅಂತ ಗೊತ್ತಲ್ವಾ? ಬ್ರಿಡ್ಜ್‌ವಾಟರ್ ವೆಂಕಟೇಶ್ವರ, ರಾಬಿನ್ಸ್‌ವಿಲ್ ಅಕ್ಷರಧಾಮ, ಲಿಬರ್ಟಿ ಪ್ರತಿಮೆ, ನಯಾಗರಾ. ಆಮೇಲೆ ಕಾಸ್ಟ್‌ಕೋ ಅನ್ನೋ ದೊಡ್ಡ ಅಂಗಡಿ. ಅತ್ತೆಗೆ ಕಾಸ್ಟ್‌ಕೋ ಕೂಡ ಬೇಜಾರಾದಾಗ ಇವರು ಹೋವೆಲ್ ಲಿವಿಂಗ್ ಹಿಸ್ಟರಿ ಫಾರ್ಮ್ ಹುಡುಕಿದರು. 1890ರಿಂದ 1910ರ ಕಾಲದ ಬೇಸಾಯವನ್ನು ಹಾಗೇ ಮಾಡಿ ತೋರಿಸುವ, ಸುಮಾರು 130 ಎಕರೆಯ ಜಮೀನು. ಐನೆಜ್ ಹೋವೆಲ್ ಎಂಬಾಕೆ 1974ರಲ್ಲಿ ತನ್ನ ಗಂಡನ ನೆನಪಿಗೆ ಮರ್ಸರ್ ಕೌಂಟಿಗೆ ದಾನ ಕೊಟ್ಟಿದ್ದು. (ಗಂಡ ಅಲ್ಲಿ ಎಷ್ಟು ಮಾತಾಡುತ್ತಿದ್ದನೋ, ಅದನ್ನು ಎಲ್ಲೂ ಬರೆದಿಲ್ಲ.) ಉಳುಮೆಗೆ ಕುದುರೆ, ಎತ್ತು. ಪ್ರವೇಶ ಉಚಿತ. ಆ ಎರಡು ಪದ ಓದಿದ ಮೇಲೆ ಇವರು ಮುಂದೆ ಏನೂ ಓದಲಿಲ್ಲ. ಕೆಸರಿರುತ್ತೆ, ಹಳೇ ಶೂ ಹಾಕಿಕೊಳ್ಳಿ ಅಂದೆ. ಬಿಳೀದೇ ಬೇಕಂತೆ, ಫೋಟೋಗೆ.

ಒಳಗೆ ಕಾಲಿಟ್ಟಿದ್ದೇ ತಡ, ಶುರು. ನೇಗಿಲು ಕಂಡಿತು. ‘ನಮ್ಮೂರಲ್ಲೂ ಇತ್ತು ಇದು.’ ಗಾಡಿ ಚಕ್ರ ಕಂಡಿತು. ‘ನಮ್ಮೂರಲ್ಲೂ ಇತ್ತು.’ ಕೋಳಿ ಕಂಡಿತು. ಕೋಳಿ ಯಾವ ಊರಲ್ಲಿ ಇರಲಿಲ್ಲ ಹೇಳಿ? ಇವರು ದಾವಣಗೆರೆ ಪಕ್ಕದ ಹಳ್ಳಿಯವರು, ನಿಜ. ಆದರೆ ಐದನೇ ಕ್ಲಾಸಿಗೇ ಬೆಂಗಳೂರಿನ ಚಿಕ್ಕಪ್ಪನ ಮನೆ ಸೇರಿದವರು. ಇವರ ಬೇಸಾಯದ ಅನುಭವವೆಲ್ಲ ಬೇಸಿಗೆ ರಜೆಯದ್ದು, ಅದೂ ಮಾವಿನ ಮರದ ಕೆಳಗಿನದ್ದು. ಅಷ್ಟು ಸಾಕಾಯಿತು. ಹುಲ್ಲಿನ ಹ್ಯಾಟು ಹಾಕಿಕೊಂಡು ಸುಮ್ನೆ ಬೇಲಿ ಕಟ್ಟುತ್ತಿದ್ದ ಒಬ್ಬ ಮನುಷ್ಯನನ್ನು ಹಿಡಿದು ಬೇಲಿ ಹೇಗೆ ಕಟ್ಟಬೇಕು ಅಂತ ಹೇಳಿಕೊಟ್ಟರು. ಪಾಪ, ಆತ ಸುತ್ತಿಗೆ ಕೆಳಗಿಟ್ಟು ಪೂರ್ತಿ ಕೇಳಿದ. ನಮ್ಮ ಮಕ್ಕಳು ಬೇರೆ ಸಂಸಾರದ ಜೊತೆ ಬಂದವರ ಹಾಗೆ ದೂರ ನಿಂತಿದ್ದರು.

ಆಮೇಲೆ ಕುದುರೆ ಗಾಡಿ. ಆನೆಮರಿಯಂಥ ಎರಡು ಕುದುರೆ, ಹಿಂದೆ ಬೆಂಚು ಹಾಕಿದ ಗಾಡಿ, ಅದರ ತುಂಬ ಜನ. ಇವರು ಗಾಡಿ ಹೊಡೆಯುವವನ ಬೆನ್ನಿಗೇ ಕೂತರು. ಹೊಲದ ನಡುವೆ ಹೋಗುವಾಗ ಏನನ್ನಿಸಿತೋ, ಎದ್ದು ನಿಂತು, ಜೋಳದ ಹೊಲದಲ್ಲಿ ಹಕ್ಕಿಗಳೆಲ್ಲ ಹಾರುವ ಹಾಗೆ ‘ಹೋ... ಹೋ...’ ಅಂತ ಕೂಗಿದರು. ಕುದುರೆಗಳು ಗಕ್ಕನೆ ನಿಂತವು. ಇವರು ಬೆಂಚು ದಾಟಿ ಗಾಡಿ ಹೊಡೆಯುವವನ ತೊಡೆ ಮೇಲೆ ಬಿದ್ದರು. ಆತ ಕುದುರೆಗಳನ್ನು ಹೊರಡಿಸಿದ. ಇವರು ಹುರುಪಿನಲ್ಲಿ ಮತ್ತೆ ‘ಹೋ’ ಅಂದರು. ಮತ್ತೆ ನಿಂತವು. ಗಾಡಿಯಲ್ಲಿದ್ದ ಒಬ್ಬ ಅಜ್ಜಿ ಏನಾಯಿತು ಅಂತ ಇಣುಕಿದಳು. ನಮ್ಮತ್ತೆ ಸೆರಗು ಸರಿ ಮಾಡಿಕೊಂಡು, ‘ನಿಲ್ಸೋಕೆ ಕೂಗೋದನ್ನ ಹೊಡೆಯೋಕೆ ಕೂಗಿದ್ರೆ ನಿಲ್ಲದೆ ಏನ್ ಮಾಡ್ತವೆ? ಕೂತ್ಕೋ’ ಅಂದರು. ಕುದುರೆಗಳಿಗಿದ್ದ ಬುದ್ಧಿ ಇಷ್ಟು ವರ್ಷ ನನಗೇ ಇರಲಿಲ್ಲ, ಇವರು ಹೇಳಿದ್ದಕ್ಕೆಲ್ಲ ನಾನು ಹೊರಟಿದ್ದೇನೆ. ಇಳಿಯುವಾಗ ಬಿಳಿ ಶೂ ಎಲ್ಲಿಗೆ ಬಿತ್ತು ಅಂತ ಮತ್ತೆ ಹೇಳಬೇಕಾ?

ಕಣಜದ ಹತ್ತಿರ ಉದ್ದ ಲಂಗದ ಹುಡುಗಿಯೊಬ್ಬಳು ಮೆಕ್ಕೆಜೋಳ ಬಿಡಿಸುವ ಕೈಯಂತ್ರ ತೋರಿಸುತ್ತಿದ್ದಳು. ಮಕ್ಕಳು ಸಾಲಾಗಿ ನಿಂತು ಹಿಡಿ ತಿರುಗಿಸುತ್ತಿದ್ದವು. ಅತ್ತೆ ಸಾಲಿಗೆ ನಿಲ್ಲಲಿಲ್ಲ. ಬುಟ್ಟಿ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಒಂದು ತೆನೆ ಕೈಗೆತ್ತಿಕೊಂಡು, ಹೆಬ್ಬೆರಳಲ್ಲಿ ಒಂದು ಸಾಲು ಕಾಳು ಕಿತ್ತು, ಖಾಲಿ ದಿಂಡಿನಿಂದ ಉಳಿದದ್ದನ್ನು ಉಜ್ಜಿದರು. ಕಾಳು ಜರಜರ ಉದುರಿತು. ಯಂತ್ರ ನಿಂತಿತು, ಸಾಲು ಈ ಕಡೆ ತಿರುಗಿತು.

‘ಈ ಹುಡುಗಿಗೆ ಸಂಬಳ ಎಷ್ಟಂತೆ?’ ಅಂತ ಕೇಳಿದರು. ಸಂಬಳ ಇಲ್ಲ, ವಾಲಂಟಿಯರ್ ಅಂದೆ.

‘ಹಂಗಾದ್ರೆ ನಿಮ್ಮ ಮಾವನ ಮನೇಲಿ ನಾನೂ ವಾಲಂಟಿಯರ್ರೇ.’

ಇವರು ಅಷ್ಟು ಹೊತ್ತೂ ಫೋಟೋ ತೆಗೆಯುತ್ತಿದ್ದರು. ‘ಅಮ್ಮಾ, ನಮ್ಮ ಕಣ ನೆನಪಾಯ್ತಾ?’ ಅಂದರು. ಅತ್ತೆ ಕಾಳು ಕೊಡವಿಕೊಂಡು ಎದ್ದರು. ಆ ಕಣ ಈಗ ಇಲ್ಲ. ಸೈಟು ಮಾಡಿ ಮಾರಿದ್ದಾಯಿತು. ಎಡಿಸನ್ ಊರಿನ ಈ ಮನೆಗೆ ನಾವು ಕಟ್ಟಿದ ಮುಂಗಡದಲ್ಲಿ ಅದರ ಪಾಲೂ ಇದೆ. ‘ಸೊಂಟ ನೆನಪಾಯ್ತು’ ಅಂದರು ಅತ್ತೆ, ಅಷ್ಟೇ. ಕಾರಿನಲ್ಲಿ ಬರುವಾಗ ಅವರ ಮುಷ್ಟಿಯಲ್ಲಿ ಇನ್ನೂ ಒಂದಷ್ಟು ಕಾಳಿದ್ದವು. ನಾನು ನೋಡಿಯೂ ಕೇಳಲಿಲ್ಲ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಇವರದ್ದು ಹೊಸ ಯೋಜನೆ. ಚಳಿಗಾಲದಲ್ಲಿ ಆ ಫಾರ್ಮಿನಲ್ಲಿ ಕೆರೆ ಹೆಪ್ಪುಗಟ್ಟಿದರೆ ಗರಗಸದಲ್ಲಿ ಐಸ್ ಕೊಯ್ದು, ಬೇಸಿಗೆಗೆ ಅಂತ ಕೂಡಿಡುತ್ತಾರಂತೆ. ಅಮ್ಮನ ಟಿಕೆಟ್ ಮುಂದಕ್ಕೆ ಹಾಕೋಣ, ಎಲ್ಲರೂ ಹೋಗಿ ಕೊಯ್ಯೋಣ ಅಂದರು.

ಅತ್ತೆ ನನ್ನ ಕಡೆ ತಿರುಗಿ ಕೇಳಿದರು, ‘ಯಾಕೆ, ನಿಮ್ಮ ಫ್ರಿಜ್ ಕೆಟ್ಟೋಗಿದ್ಯಾ?’